ಪಕ್ಕದಲ್ಲಿ ಬಿಟ್ಟ ಜಾಗ

ಉಣಕಲ್ ಕೆರೆಯ ದಂಡೆಯಲ್ಲಿ ಫೋಟೋ ತೆಗೆಯುವ ಗುರುಸಿದ್ಧ, ಒಬ್ಬರೇ ಬಂದವರನ್ನು ಎಂದೂ ಫ್ರೇಮಿನ ನಟ್ಟನಡುವೆ ಇಡುತ್ತಿರಲಿಲ್ಲ. ಪಕ್ಕದಲ್ಲಿ ಇನ್ನೊಬ್ಬರಿಗಾಗುವಷ್ಟು ಜಾಗ ಬಿಡುತ್ತಿದ್ದ. ತೀರಿಕೊಂಡವರು ಫೋಟೋದಲ್ಲಿ ಬಂದು ನಿಲ್ಲುವುದು ಅಲ್ಲಿಯೇ. ಆದರೆ ಫ್ರೇಮಿನಲ್ಲಿರುವವರಿಗೆ ಆ ಗಳಿಗೆ ತಾವು ಫೋಟೋದಲ್ಲಿ ಬೀಳುತ್ತಿದ್ದೇವೆಂಬ ನೆನಪಿರಬಾರದು. ಇದ್ದರೆ ಯಾರೂ ಬರುವುದಿಲ್ಲ.

“ಅಕ್ಕಾರ, ನನ್ನ ಕಡೆ ನೋಡಬ್ಯಾಡ್ರಿ. ಆರಾಮ ಶೇಂಗಾ ತಿನ್ರಿ,” ಎಂದ ನೀಲವ್ವನಿಗೆ. ಆಕೆಗೆ ತೀರಿಹೋದ ಗಂಡನ ಜೊತೆ ಒಂದು ಫೋಟೋ ಬೇಕಿತ್ತು.

ಗುರುಸಿದ್ಧನಿಗೂ ಹೆಂಡತಿ ಸುವರ್ಣಾಳ ಜೊತೆ ಒಂದು ಬೇಕಿತ್ತು. ಎಲ್ಲಿ ಹೋದರೂ ಅವನ ಕ್ಯಾಮೆರಾ ಬ್ಯಾಗು ಹೊತ್ತು ಬರುತ್ತಿದ್ದವಳು ತೀರಿಹೋಗಿ ಮೂರು ವರ್ಷ. ಗೆಳೆಯರು ಮರದ ಮರೆಯಿಂದ ಎಷ್ಟು ಸಲ ತೆಗೆದರೂ ಅವನ ಕಣ್ಣು ತಾನಾಗಿಯೇ ಲೆನ್ಸ್ ಹುಡುಕಿಬಿಡುತ್ತಿತ್ತು. ಕಸುಬಿನ ಚಾಳಿ. ಪಕ್ಕದ ಜಾಗ ಖಾಲಿಯೇ ಉಳಿಯುತ್ತಿತ್ತು.

ಅಷ್ಟರಲ್ಲಿ ಮಂಗವೊಂದು ಶೇಂಗಾ ಪೊಟ್ಟಣ ಕಸಿದು ಓಡಿತು. ನೀಲವ್ವ ಎಲ್ಲ ಮರೆತು ನಕ್ಕಳು. ಗುರುಸಿದ್ಧ ಧಾವಿಸಿ ಬಂದು ಕ್ಲಿಕ್ಕಿಸಿದ.

ಪರದೆಯ ಮೇಲೆ ಆಕೆಯ ಪಕ್ಕ ಗಂಡ ತಲೆಗೆ ಪಟಕಾ ಸುತ್ತಿಕೊಂಡು ನಗುತ್ತಿದ್ದ. ನೀಲವ್ವ ಸೆರಗು ಕಣ್ಣಿಗೊತ್ತಿಕೊಂಡಳು.

“ಆದ್ರ ತಮ್ಮಾ, ಕೆಳಗ ನಿನ್ನ ನೆರಳು ಬಿದ್ದೈತಲ್ಲೋ.”

ಗುರುಸಿದ್ಧ ನಾಲಿಗೆ ಕಚ್ಚಿಕೊಂಡ. ಇಳಿಬಿಸಿಲು ಬೆನ್ನ ಹಿಂದಿರುವುದನ್ನೇ ಮರೆತಿದ್ದ. ಹೊಸಬರು ಮಾಡುವ ತಪ್ಪು. “ಕಟ್ ಮಾಡಿ ಕೊಡ್ತೀನ್ರಿ,” ಎಂದು ಚಿತ್ರವನ್ನು ದೊಡ್ಡದು ಮಾಡಿದ.

ಹುಲ್ಲಿನ ಮೇಲೆ ಅವನ ನೆರಳಿಗೆ ತಾಗಿ ಇನ್ನೊಂದು ನೆರಳಿತ್ತು. ಹೆಗಲಿಗೆ ಭಾರದ ಬ್ಯಾಗು ಏರಿಸಿ, ಒಂದು ಕಡೆ ವಾಲಿ ನಿಂತಿತ್ತು.

ಅದನ್ನೇ ನೋಡುತ್ತ ಕುಳಿತ. ಇನ್ನು ಬಿಸಿಲಿಗೆ ಬೆನ್ನು ಮಾಡಿದಾಗಲೆಲ್ಲ ತನಗೆ ನೆರಳಿನ ನೆನಪಾಗುತ್ತದೆ, ಅವಳು ಬರುವುದಿಲ್ಲ ಎಂಬುದು ಅವನಿಗೆ ಆಗಲೇ ಗೊತ್ತಾಗಿತ್ತು.