ಐದನೆಯ ಚೀಲ

ಐದು ಚೀಲ ಇರಬೇಕಿತ್ತು. ನಾಲ್ಕೇ ಇದ್ದವು.

ಪೂನಮ್ ಮತ್ತೊಮ್ಮೆ ಎಣಿಸಿದಳು. ದನದ ಡಾಕ್ಟರ್ ಪರಮೇಶ ಬಾಗಿಲಲ್ಲಿ ನಿಂತು ಒಡೆದ ಗೋವಿನಜೋಳದ ಕಾಳೊಂದನ್ನು ಬೆಳಕಿಗೆ ಹಿಡಿದಿದ್ದರು. ಕಾಳಿನೊಳಗೆ ಹಸಿರು ಬೂಷ್ಟು.

"ನಿಮ್ಮ ಕುರಿ ಸತ್ತಿದ್ದು ಇದರಿಂದನ. ಈ ಬೂಷ್ಟಿನಾಗ ವಿಷ ಇರತೈತಿ. ತೊಳದ್ರೂ ಹೋಗೂದಿಲ್ಲ, ಬೇಯಿಸಿದ್ರೂ ಹೋಗೂದಿಲ್ಲ. ದನಕ್ಕೂ ಹಾಕಬ್ಯಾಡ್ರಿ, ಮಂದಿನೂ ತಿನಬಾರದು. ಲಿವರ್ ಹಾಳ ಮಾಡತೈತಿ. ಇವತ್ತ ಹುಗದು ಬಿಡ್ರಿ."

ಘಟಪ್ರಭೆ ಉಕ್ಕಿ ಊರೊಳಗೆ ಬಂದಾಗ ಆರು ಚೀಲ ಗೋವಿನಜೋಳ ಎರಡು ದಿನ ನೀರಲ್ಲಿ ನಿಂತಿದ್ದವು. ನೆರೆ ಇಳಿದ ಮೇಲೆ ಬಿಸಿಲಿಗೆ ಹರವಿ, ಕುರಿಗಾದರೂ ಆಗಲಿ ಎಂದು ಮತ್ತೆ ತುಂಬಿಟ್ಟಿದ್ದರು. ಒಂದು ಚೀಲ ಕುರಿಗಳ ಹೊಟ್ಟೆ ಸೇರಿತ್ತು. ಒಂಬತ್ತು ಕುರಿ ಸತ್ತಿದ್ದವು. ಅಟ್ಟದ ಮೇಲಿದ್ದ ಒಂದು ಚೀಲ ಬಿಳಿಜೋಳ ಮಾತ್ರ ನೆನೆಯದೆ ಉಳಿದಿತ್ತು. ಗಂಡ ಭೀಮಶಿ ಸಮೀರವಾಡಿಯ ಸಕ್ಕರೆ ಫ್ಯಾಕ್ಟರಿಯಲ್ಲಿ ಹಂಗಾಮಿ ಕೆಲಸಗಾರ. ಕಬ್ಬು ಅರೆಯುವುದು ಶುರುವಾಗುವ ತನಕ ಅವನಿಗೆ ಕುರಿ ಕಾಯುವುದೇ ಕೆಲಸ.

"ಅತ್ತಿ, ಒಂದ ಚೀಲ ಎಲ್ಲಿ ಹೋತ್ರಿ?"

ಅತ್ತೆ ತಂಗೆವ್ವ ಕಂಬಳಿ ಹೊದ್ದು ಕಟ್ಟೆಯ ಮೇಲೆ ಕೂತಿದ್ದಳು. ಡಾಕ್ಟರ ಮಾತು ಕೇಳಿದಾಗಿನಿಂದ ಅವಳ ಮುಖ ಕಲ್ಲಾಗಿತ್ತು.

"ಹೋಗೂ ಕಡಿ ಹೋಗೇತಿ."

"ಯಾರಿಗರೆ ಕೊಟ್ಟೀರೇನ್ರಿ? ತಿಂದವರು ಸಾಯತಾರ್ರಿ!"

"ನಿಂದ ನೀ ನೋಡ್ಕೊ. ಮುಂಜಾನಿ ಎಷ್ಟ ರೊಟ್ಟಿ ತಿಂದಿ?"

ಪೂನಮ್ ಐದು ತಿಂಗಳ ಬಸುರಿ. ರೇಷನ್ ಅಕ್ಕಿ ಮನೆಗೆ ಸಾಲುತ್ತಿರಲಿಲ್ಲ; ಅವಳಿಗೋ ಅನ್ನದ ವಾಸನೆಗೇ ವಾಂತಿ. ಬಿಳಿಜೋಳದ ರೊಟ್ಟಿಯೊಂದೇ ಹೊಟ್ಟೆಯಲ್ಲಿ ನಿಲ್ಲುತ್ತಿತ್ತು. ಅದನ್ನೂ ಈ ಮುದುಕಿ ದಿನಾ ಕೇಳುತ್ತಿದ್ದಳು, ಎಷ್ಟು ತಿಂದೆ ಎಂದು. ತಮ್ಮನ ಮಗಳನ್ನು ಸೊಸೆ ಮಾಡಿಕೊಳ್ಳಬೇಕೆಂದಿದ್ದ ತಂಗೆವ್ವನಿಗೆ ಪೂನಮ್ ಬಂದದ್ದು ಮೊದಲಿನಿಂದಲೂ ಸೇರಿರಲಿಲ್ಲ. ನೆರೆ ಇಳಿದ ವಾರವೇ ಅತ್ತೆ ಕುರಿ ಹಟ್ಟಿಯ ಗುಡಿಸಲಲ್ಲಿ ಬೇರೆ ಒಲೆ ಹೂಡಿದ್ದಳು. ಬೀರಪ್ಪ ದೇವರ ಹರಕೆಯಂತೆ. ಹಿಂಡು ಸುಧಾರಿಸುವ ತನಕ ಸೊಸೆ ಮುಟ್ಟಿದ್ದು ತಿನ್ನುವುದಿಲ್ಲವಂತೆ. ಆ ಗುಡಿಸಲಿನೊಳಗೆ ಪೂನಮ್‌ಗೆ ಕಾಲಿಡಲೂ ಅಪ್ಪಣೆಯಿರಲಿಲ್ಲ.

ಆ ದಿನವೇ ಭೀಮಶಿ ಗುಂಡಿ ತೋಡಿ ನಾಲ್ಕೂ ಚೀಲ ಹುಗಿದ. ಪೂನಮ್ ಮನೆಮನೆ ತಿರುಗಿದಳು.

"ನಮ್ಮ ಗೋವಿನಜ್ವಾಳ ಯಾರರೆ ಒಯ್ದಿದ್ರ ಇಟ್ಕೋರಿ, ನಾ ಕೇಳೂದಿಲ್ಲ. ತಿನಬ್ಯಾಡ್ರಿ, ಅಷ್ಟ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಳವಾದದ್ದಕ್ಕೆ ವಿಷದ ಹೆದರಿಕೆ ಹಾಕುತ್ತಿದ್ದಾಳೆ ಎಂದು ಬೆನ್ನ ಹಿಂದೆ ನಕ್ಕರು. ನೆರೆಮನೆಯ ಗಿರಮಲ್ಲಪ್ಪ ಮಾತ್ರ ದನಿ ತಗ್ಗಿಸಿ ಹೇಳಿದ: "ನಿಮ್ಮತ್ತಿನ ಕೇಳ ತಂಗಿ. ಬುಟ್ಟಿ ಮ್ಯಾಲ ಅರಬಿ ಮುಚ್ಕೊಂಡು ಹೋಗೂದು ಮೂರ್ನಾಕು ಸರ್ತಿ ನೋಡೇನಿ."

"ಎಲ್ಲಿಗೆ?"

"ಈ ದಾರ್ಯಾಗ. ಗಿರಣಿಗಾದ್ರೂ ಇದ ದಾರಿ, ಬಸ್ ಸ್ಟ್ಯಾಂಡಿಗಾದ್ರೂ ಇದ ದಾರಿ."

ಬಸ್ಸು ಎಂದೊಡನೆ ಪೂನಮ್‌ಗೆ ಬೀಳಗಿ ನೆನಪಾಯಿತು. ಅಲ್ಲಿ ನಾದಿನಿ ಬೋರವ್ವ ಇದ್ದಳು. ಅವಳಿಗೆ ಎರಡು ಸಣ್ಣ ಮಕ್ಕಳು. ಗುಟ್ಟಾಗಿ ಮಗಳಿಗೆ ಸಾಗಿಸಿದ್ದಾಳೆ! ಫೋನ್ ಹತ್ತಲಿಲ್ಲ. ಮರುದಿನ ಸಿಕ್ಕ ಮೊದಲ ಬಸ್ಸು ಹತ್ತಿದಳು. ರಸ್ತೆಯ ಪ್ರತಿ ಗುಂಡಿಗೂ ಹೊಟ್ಟೆ ಹಿಡಿದುಕೊಂಡಳು.

ಬೋರವ್ವನ ಮಕ್ಕಳು ಅಂಗಳದಲ್ಲಿ ಆಡುತ್ತಿದ್ದವು. ಪೂನಮ್ ಸಣ್ಣದನ್ನು ಎಳೆದುಕೊಂಡು ಕಣ್ಣು ನೋಡಿದಳು, ನಾಲಿಗೆ ನೋಡಿದಳು. ನೆಟ್ಟಗೆ ಅಡುಗೆಮನೆಗೆ ನುಗ್ಗಿ ಹಿಟ್ಟಿನ ಡಬ್ಬಿ ತೆರೆದು ಮೂಸಿದಳು.

"ಏನ ಇದು?" ಬೋರವ್ವ ಕೆರಳಿದಳು. "ನನ್ನ ಮನ್ಯಾಗ ಕಳವಿನ ಮಾಲು ಹುಡಕಾಕತ್ತೀಯೇನ? ನೆರಿ ಬಂದಾಗಿಂದ ಅವ್ವ ಈ ಕಡಿ ಮುಖಾನ ಹಾಕಿಲ್ಲ."

"ಅಕ್ಕಾರ, ನಿಮ್ಮ ಕಾಲ ಬೀಳತೀನಿ. ಖರೆ ಹೇಳ್ರಿ."

ಬೋರವ್ವ ಬಾಗಿಲು ತೋರಿಸಿದಳು. ತಾಯಿಯ ಗುಟ್ಟು ಬಚ್ಚಿಡುತ್ತಿದ್ದಾಳೆ ಎಂದುಕೊಂಡೇ ಪೂನಮ್ ತಿರುಗಿ ಬಸ್ಸು ಹತ್ತಿದಳು.

ಸಂಜೆ ಮನೆಗೆ ಬಂದವಳು ಅಪ್ಪಣೆ ಮೀರಿ ಗುಡಿಸಲಿನ ಬಾಗಿಲು ತಳ್ಳಿದಳು. ತಂಗೆವ್ವ ಕತ್ತಲಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಒಲೆ ತಣ್ಣಗಿತ್ತು.

"ಯಾರ ಮಕ್ಕಳನ್ನ ಕೊಲ್ಲಾಕ ಹೊಂಟೀರಿ? ನಾಳೆ ಹೆಣ ಬಿದ್ರ ಆ ಪಾಪ ಯಾರ ತಲೀಗೆ? ನಿಮ್ಮ ಕರಳು ಕಲ್ಲೇನ್ರಿ?"

ಮುದುಕಿ ತಿರುಗಲಿಲ್ಲ. ಕಂಬಳಿಯನ್ನು ಮುಖದ ಮೇಲೆಳೆದುಕೊಂಡಳು.

"ಇನ್ನ ಯಾರೂ ತಿನ್ನಂಗಿಲ್ಲ. ಒದರಬ್ಯಾಡ. ಹೊಟ್ಟ್ಯಾಗಿನ ಕೂಸು ಬೆದರತೈತಿ. ಹೋಗು."

ಮೂರನೆಯ ದಿನ ಬೆಳಿಗ್ಗೆ ತಂಗೆವ್ವ ರಕ್ತ ಕಾರಿದಳು. ಭೀಮಶಿ ಸಿಕ್ಕ ಟಂಟಂನಲ್ಲಿ ಹಾಕಿಕೊಂಡು ಮುಧೋಳಕ್ಕೆ ಓಡಿದ. ಪೂನಮ್ ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಹಗಲ ಬೆಳಕಿನಲ್ಲಿ ಆ ಮುಖವನ್ನು ನೋಡಿ ಎಷ್ಟು ದಿನವಾಗಿತ್ತೋ! ಕೆನ್ನೆ ಬತ್ತಿ ಹೋಗಿದ್ದವು. ಹೊಟ್ಟೆ ಮಾತ್ರ ಬಿಗಿದು ಉಬ್ಬಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕಣ್ಣರೆಪ್ಪೆ ಬಿಡಿಸಿದರು. ಕಣ್ಣು ಅರಿಸಿನದ ನೀರಾಗಿತ್ತು.

"ಲಿವರ್ ಪೂರ್ತಿ ಕೆಟ್ಟಿದೆ. ಬಾಗಲಕೋಟೆಗೆ ಒಯ್ಯಬೇಕು, ಆದರೆ ಭರವಸೆ ಕೊಡಲಾರೆ. ನೆರೆ ಇಳಿದ ಮೇಲೆ, ಈ ಒಂದೂವರೆ ತಿಂಗಳಿಂದ ಏನು ತಿನ್ನುತ್ತಿದ್ದರು?"

"ಹರಕಿ ಇತ್ರೀ. ಬ್ಯಾರೆ ಒಲಿ ಮ್ಯಾಲ ತಾವ ಏನೋ..." ಪೂನಮ್‌ಳ ಮಾತು ಅಲ್ಲಿಗೇ ನಿಂತಿತು. ಅವಳು ಮಂಚದ ಮೇಲೆ ಬಾಗಿದಳು. "ಅತ್ತಿ... ಆ ಚೀಲ ಯಾರಿಗೆ ಕೊಟ್ರಿ?"

"ಯಾರಿಗೂ ಕೊಟ್ಟಿಲ್ಲ ಬೇ, ನಾನ ತಿಂದೆ," ಎಂದಳು ತಂಗೆವ್ವ. "ಬಿಳಿಜ್ವಾಳ ಇದ್ದಿದ್ದ ಒಂದ ಚೀಲ, ಅದು ನೀ ಹಡಿಯೂ ತನಕ ನಿನಗ ಸಾಲಬೇಕಿತ್ತು."