ಅರ್ಧ ಬಿಲ್ಲೆ

ನೀಲಗಂಗಾ ಬೀರುವನ್ನು ಪಕ್ಕಕ್ಕೆ ಸರಿಸಿ, ತಾನೂ ಗಂಡನೂ ಸೇರಿ ಕೆರೆಯುತ್ತಿದ್ದ ಗೋಡೆಯ ತೂತಿಗೆ ಸೌಟಿನ ಹಿಡಿ ತುರುಕಿದಳು. ಅದು ಹಸಿ ಸಿಮೆಂಟಿಗೆ ತಾಗಿ ನಿಂತಿತು.

"ಮುಚ್ಚಿಬಿಟ್ಟೇನಿ," ಎಂದ ಗಂಡ ಫಕೀರಪ್ಪ, ಮಂಚದ ಮೇಲಿಂದಲೇ. "ಹೊರಗ ಹೋಗಿ ಏನ್ ಮಾಡೂದೈತಿ, ಬಿಡು."

ಅವಳು ತಿರುಗಿ ನೋಡಿದಳು. ಅವನ ಅಂಗೈಯಲ್ಲಿ ಈ ವಾರದ ರೇಷನ್ನಿನಲ್ಲಿ ತಿನ್ನಲು ಕೊಟ್ಟ ಇಂಗ್ಲಿಷ್ ಪದದ ಬಿಲ್ಲೆಯಿತ್ತು, ಅರ್ಧ ಮಾತ್ರ. ಕಿಟಕಿಯಿಲ್ಲದ ಆ ಕಟ್ಟಡದಲ್ಲಿ ಮದುವೆಯಾದವರು ಪದವನ್ನು ಒಬ್ಬರೇ ತಿನ್ನುತ್ತಿರಲಿಲ್ಲ. ಮುರಿದು, ಒಟ್ಟಿಗೆ ನಾಲಿಗೆಗಿಟ್ಟು, ಅದರ ಅರ್ಥ ಮೈಗೇರಿ ಮತ್ತೆ ಇಳಿಯುವವರೆಗೆ ಕೈ ಹಿಡಿದು ಕೂರುತ್ತಿದ್ದರು. ಪೆಟ್ರಿಕೋರ್ ತಿಂದ ದಿನ ಮೊದಲ ಮಳೆಗೆ ನೆಂದ ಮಣ್ಣು ಮೂಗಿಗೆ ಬಡಿದಿತ್ತು. ಅಪ್ರಿಸಿಟಿ ತಿಂದಾಗ ಚಳಿಗಾಲದ ಬಿಸಿಲು ಬೆನ್ನಿಗೆ ಬಿದ್ದು, ಇಬ್ಬರೂ ಬೆಕ್ಕುಗಳ ಹಾಗೆ ಮೈಮುರಿದು ನಕ್ಕಿದ್ದರು. ಹೊರಗಿನ ನಿಜವಾದ ಬಿಸಿಲು ನೋಡಬೇಕೆಂದು ಮರುದಿನವೇ ಗೋಡೆ ಕೆರೆಯಲು ಶುರುಮಾಡಿದ್ದರು.

"ನನ್ನ ಬಿಟ್ಟು ತಿಂದ್ಯಾ?"

"ಘಮ ತಡೀಲಾಗಲಿಲ್ಲ. ಅಟರಾಕ್ಸಿಯಾ ಅಂತ. ಯಾವುದಕ್ಕೂ ಕಲಕದ ಮನಸ್ಸು. ಇದು ಇಳಿಯೂದಿಲ್ಲಂತ, ಸಾಯೂತನಕ ಇರತೈತಂತ. ಎಲ್ಲಾ ಮನಿಗೂ ಇದನ್ನ ಕೊಟ್ಟಾರ."

ಅದಕ್ಕೇ ಇವತ್ತು ಕಾರಿಡಾರಿನಲ್ಲಿ ಒಂದೂ ಜಗಳ ಕೇಳಿರಲಿಲ್ಲ. ಅವನ ಕಣ್ಣುಗಳು ತೊಳೆದಿಟ್ಟ ತಾಟಿನಂತೆ ಖಾಲಿಯಾಗಿದ್ದವು.

"ಒಬ್ಬಾಕಿನ ಎಷ್ಟಂತ ಕೆರೀತಿ, ಹುಚ್ಚಿ?" ಎನ್ನುತ್ತ ಅವನು ಪ್ರೀತಿಯಿಂದಲೇ ಅರ್ಧ ಬಿಲ್ಲೆಯನ್ನು ಅವಳ ತುಟಿಯ ಹತ್ತಿರ ತಂದ. ನಿಜಕ್ಕೂ ಘಮ್ಮೆನ್ನುತ್ತಿತ್ತು. ಅವಳ ಬಾಯಲ್ಲಿ ನೀರೂರಿತು.

ಸಿಮೆಂಟು ಇನ್ನೂ ಹಸಿಯಾಗಿತ್ತು. ಅವಳು ಸೌಟನ್ನು ಮತ್ತೆ ಒಳಕ್ಕೆ ಒತ್ತಿದಳು.

"ಒಲ್ಲೆ."