ಮೂವತ್ತೇಳನೆಯ ಪಾಲು

ಕೇಕಿನ ಮೇಲೆ ಕೊನೆಯ ದಾರ ಎಳೆದು ಹಿಡಿದಿದ್ದಾಗಲೇ ಬಾಗಿಲಲ್ಲಿ ದೊಡ್ಡ ಮೇಡಂ ಬಂದು ನಿಂತರು. ನಾಲ್ಕನೇ ಕ್ಲಾಸಿನ ಗದ್ದಲ ಟಕ್ಕನೆ ನಿಂತಿತು. ಟೀಚರ್ ಕೈಯಲ್ಲಿದ್ದ ಪ್ಲಾಸ್ಟಿಕ್ ಚಾಕುವನ್ನು ಮೆಲ್ಲಗೆ ಕೆಳಗಿಟ್ಟಳು.

ಹೆದರಬೇಕಾದದ್ದೇ. ಹಿಂದಿನ ವಾರದ ಪರೀಕ್ಷೆಯಲ್ಲಿ ಇಡೀ ಕ್ಲಾಸು, ಮಾತಾಡಿಕೊಂಡವರ ಹಾಗೆ, ಆರನೇ ಒಂದು ಭಾಗಕ್ಕಿಂತ ಎಂಟನೇ ಒಂದು ಭಾಗವೇ ದೊಡ್ಡದು ಎಂದು ಬರೆದಿಟ್ಟಿತ್ತು. ಆರಕ್ಕಿಂತ ಎಂಟು ದೊಡ್ಡದಲ್ಲವೇ? ಮಕ್ಕಳ ನ್ಯಾಯ ಮಕ್ಕಳಿಗೆ. ದೊಡ್ಡ ಮೇಡಂ ಮಾತ್ರ ಉತ್ತರಪತ್ರಿಕೆಗಳ ಕಟ್ಟನ್ನು ಮೇಜಿನ ಮೇಲೆ ಕುಕ್ಕಿದ್ದರು. "ರಜೆಗೆ ಮುಂಚೆ ಪಾರ್ಟಿ ಮಾಡ್ತೀರೋ, ಕುಣೀತೀರೋ ನನಗೆ ಗೊತ್ತಿಲ್ಲ. ಭಿನ್ನರಾಶಿ ಕಲಿತಿರಬೇಕು. ಕೊನೇ ದಿನ ಬಂದು ಮಕ್ಕಳನ್ನೇ ಕೇಳ್ತೀನಿ. ಕಲಿತಿಲ್ಲ ಅಂದ್ರೆ, ರಜೆ ಮುಗಿದ ಮೇಲೆ ಈ ಕ್ಲಾಸು ಬೇರೆಯವರಿಗೆ."

ಪಾರ್ಟಿಯ ಮಾತು ಮಕ್ಕಳಿಗೆ ಕೊಟ್ಟಾಗಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಟೀಚರ್ ಬೇಕರಿಯಿಂದ ಒಂದು ಚೌಕದ ಕೇಕು ಹೊತ್ತು ತಂದಳು. ದಾರದ ಉಂಡೆಯನ್ನೂ ಅಡಿಪಟ್ಟಿಯನ್ನೂ ಮಕ್ಕಳ ಕೈಗೇ ಕೊಟ್ಟು, "ನನ್ನನ್ನೂ ಸೇರಿಸಿ ಎಲ್ಲರಿಗೂ ಸಮಪಾಲು. ಒಬ್ಬರಿಗೆ ಹೆಚ್ಚುಕಮ್ಮಿ ಆದ್ರೂ ಯಾರಿಗೂ ಇಲ್ಲ" ಎಂದಳು. ಆಮೇಲೆ ಕೇಳಬೇಕೇ! ಮಧ್ಯಾಹ್ನವೆಲ್ಲ ಅಳೆದೂ ಸುರಿದೂ, ಕಿತ್ತಾಡಿ, ರಾಜಿಯಾಗಿ, ಕೊನೆಗೆ ಕೇಕಿನ ಮೇಲೆ ಆರಕ್ಕೆ ಆರರಂತೆ ದಾರದ ಚೌಕಗಳು ಮೂಡಿದ್ದವು. ಮೂವತ್ತೈದು ಮಕ್ಕಳು, ಒಬ್ಬಳು ಟೀಚರ್. ಭಿನ್ನರಾಶಿ ಎಂಬ ಮಾತನ್ನು ಮಾತ್ರ ಅವಳು ಬಾಯಿತಪ್ಪಿಯೂ ಆಡಿರಲಿಲ್ಲ. ಆಡಿದ್ದರೆ ಅರ್ಧ ಮಕ್ಕಳಿಗೆ ಅಲ್ಲೇ ಹೊಟ್ಟೆನೋವು ಬರುತ್ತಿತ್ತು.

ದೊಡ್ಡ ಮೇಡಂ ಕನ್ನಡಕ ಸರಿಮಾಡಿಕೊಂಡರು. "ಏನ್ರೋ, ಇವತ್ತು ಏನು ಕಲಿತ್ರಿ?"

"ಏನೂ ಇಲ್ಲ ಮೇಡಂ!" ಇಡೀ ಕ್ಲಾಸು ಒಕ್ಕೊರಲಿನಿಂದ ಕೂಗಿತು.

"ಒಂದು ಚೂರೂ ಇಲ್ಲ ಮೇಡಂ," ಎಂದು ಮುಂದಿನ ಬೆಂಚಿನ ಕುಳ್ಳಿ ಎದ್ದು ನಿಂತಳು. ಗಾತ್ರಕ್ಕೂ ಬಾಯಿಗೂ ತಕ್ಕಂತೆ ಎಲ್ಲರೂ ಅವಳನ್ನು ಮೆಣಸಿನಕಾಯಿ ಎನ್ನುತ್ತಿದ್ದರು. "ಬೆಳಗ್ಗೆಯಿಂದ ಪುಸ್ತಕಾನೇ ಮುಟ್ಟಿಲ್ಲ. ಬರೀ ಕೇಕು. ನಮ್ ಮಿಸ್ಸು ಎಷ್ಟು ಒಳ್ಳೇವ್ರು ಗೊತ್ತಾ!"

ಹೊಗಳಲು ಹೊರಟ ಹುಡುಗಿ ಮಿಸ್ಸಿನ ಬುಡಕ್ಕೇ ಕೊಡಲಿ ಹಾಕಿದ್ದಳು.

"ಸರಿ ಹಾಗಾದ್ರೆ," ಎಂದರು ದೊಡ್ಡ ಮೇಡಂ, ಟೀಚರ್ ಕಡೆ ನೋಡಿ. "ನಾನಾಗಿ ಹೇಳೋದು ಏನೂ ಉಳಿದಿಲ್ಲವಲ್ಲ." ಅವರು ಹೊರಡಲು ತಿರುಗಿದರು. ಹೇಳಬೇಕಾದದ್ದು ಬೇಕಾದಷ್ಟಿತ್ತು, ಆದರೆ ಮಕ್ಕಳನ್ನೇ ಕೇಳ್ತೀನಿ ಎಂದಿದ್ದವರ ಮುಂದೆ ಟೀಚರ್ ಮಾತು ನಡೆಯುವಂತಿರಲಿಲ್ಲ. ಈ ಮೂವತ್ತೈದು ಕೀಟಲೆಗಳು ಇನ್ನು ಬೇರೆ ಯಾರನ್ನೋ ಮಿಸ್ ಎಂದು ಕೂಗುತ್ತವೆ ಅನ್ನಿಸಿ ಅವಳಿಗೆ ಅಳುವೇ ಬಂತು.

"ಮೇಡಂ, ಹೋಗ್ಬೇಡಿ! ನಿಮಗೂ ಕೇಕು ಬೇಡ್ವಾ?" ಮೆಣಸಿನಕಾಯಿ ಅಡ್ಡ ಬಂದಳು. ಹಿಂದೆಯೇ ಕ್ಲಾಸಿನ ಕಡೆ ತಿರುಗಿ, "ಲೋ, ದಾರ ತೆಗೀರೋ! ಮೇಡಂ ಸೇರಿದ್ರೆ ಮೂವತ್ತೇಳು."

ಮತ್ತೆ ಗದ್ದಲ ಎದ್ದಿತು. ಮೂವತ್ತೇಳು ಯಾವ ಮಗ್ಗಿಗೂ ಬಗ್ಗುವ ಸಂಖ್ಯೆಯಲ್ಲ. ಯಾರೋ, "ಆರೇಳಲಿ ನಲವತ್ತೆರಡು, ಹಂಗೇ ಮಾಡೋಣ" ಎಂದರು.

"ಬೇಡ, ಬೇಡ!" ಗುಂಡಣ್ಣ ಬೆಂಚಿನಿಂದ ಹಾರಿ ಬಂದ. ಓದಿನಲ್ಲಿ ಹಿಂದು, ಊಟದಲ್ಲಿ ಮುಂದು ಎಂದು ಹೆಸರಾದವನು. "ತುಂಡು ಜಾಸ್ತಿ ಆದಷ್ಟೂ ಒಂದೊಂದು ಚಿಕ್ಕದಾಗುತ್ತೆ ಕಣ್ರೋ! ಎಂಟೈದಲಿ ನಲವತ್ತು ಸಾಕು. ಮೂರು ಮಿಗುತ್ತೆ. ಆಯಾಗೊಂದು, ಗೇಟ್ ತಾತಂಗೊಂದು, ಗಂಟೆ ಹೊಡೆಯೋ ಅಂಕಲ್‌ಗೊಂದು."

ದೊಡ್ಡ ಮೇಡಂ ಅರ್ಧ ತಿರುಗಿದವರು ಹಾಗೇ ನಿಂತರು. ಈ ಹುಡುಗನ ಉತ್ತರಪತ್ರಿಕೆ ಅವರಿಗೆ ಚೆನ್ನಾಗಿ ನೆನಪಿತ್ತು. ಎಂಟನೇ ಒಂದು ಭಾಗವೇ ದೊಡ್ಡದು ಎಂದು ಬರೆದು, ಅಡಿಗೆರೆ ಬೇರೆ ಎಳೆದಿದ್ದ.

"ಬಾರೋ ಇಲ್ಲಿ. ಇದೇ ಕೇಕಲ್ಲಿ ನಿನಗೆ ಆರನೇ ಒಂದು ಭಾಗ ಕೊಡಲೋ, ಎಂಟನೇ ಒಂದು ಭಾಗ ಕೊಡಲೋ?"

ಇಷ್ಟು ದೊಡ್ಡವರಿಗೆ ಇಷ್ಟೂ ಗೊತ್ತಿಲ್ಲವಲ್ಲ ಎಂದು ಗುಂಡಣ್ಣ ಮರುಕದಿಂದ ನೋಡಿದ. "ಎಂಟು ಜನ ಬಂದು ಕೂತ್ರೆ ನನಗೇನು ಸಿಗುತ್ತೆ ಮೇಡಂ? ಆರನೇ ಒಂದು ಭಾಗಾನೇ ಕೊಡಿ."

ಟೀಚರಿಗೆ ಹೋದ ಜೀವ ಬಂದಂತಾಯಿತು. ಅಲ್ಲೇ ಬೆಂಚಿನ ತುದಿಯಲ್ಲಿ ಕೂತಳು. ಮಕ್ಕಳಾಗಲೇ ಕೇಕಿಗೆ ಮುತ್ತಿಕೊಂಡು ಹೊಸದಾಗಿ ದಾರ ಎಳೆಯತೊಡಗಿದ್ದರು.

ದೊಡ್ಡ ಮೇಡಂ ಅವಳ ಪಕ್ಕದಲ್ಲೇ, ಮಕ್ಕಳ ಪುಟ್ಟ ಬೆಂಚಿನಲ್ಲಿ, ಕಷ್ಟಪಟ್ಟು ಕೂತರು. ನಲವತ್ತರಲ್ಲಿ ಒಂದು ತುಂಡು ಕಾಗದದ ತಟ್ಟೆಯಲ್ಲಿ ಅವರ ಕೈಗೂ ಬಂತು. ಒಂದು ಚೂರು ಬಾಯಿಗೆ ಹಾಕಿಕೊಂಡು, ಮಕ್ಕಳಿಗೆ ಕೇಳದ ಹಾಗೆ ಬಗ್ಗಿ ಕೇಳಿದರು.

"ಇದೇ ಭಿನ್ನರಾಶಿ ಅಂತ ಇವಕ್ಕೆ ಗೊತ್ತೇನ್ರೀ?"

"ಇಲ್ಲ ಮೇಡಂ. ರಜೆ ಮುಗಿಸಿ ಬಂದ ಮೇಲೆ ಹೇಳೋಣ ಅಂತಿದ್ದೆ."

"ಹೇಳೋಕೆ ಹೋಗ್ಬೇಡಿ," ಎಂದರು ದೊಡ್ಡ ಮೇಡಂ. "ಗೊತ್ತಾದ್ರೆ ಮರೆತುಬಿಡ್ತಾವೆ."